ನೀರು ಬೇಡದ ಕಲ್ಲು

ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಬಿದ್ದುಕೊಂಡಿತ್ತು; ಜನರ ಬಾಯಲ್ಲಿ ಅವನು ನೀರಣ್ಣ. ಯಾರಾದರೂ ಅಪ್ಪಿತಪ್ಪಿ ನಿಜವಾದ ಹೆಸರು ಹಿಡಿದು ಕೂಗಿದರೆ ಅವನೇ ತಿರುಗಿ ಪಕ್ಕದವನ ಮುಖ ನೋಡುತ್ತಿದ್ದ. ಮೂವತ್ತೊಂದು ವರ್ಷದಿಂದ ಅವನದು ಒಂದೇ ಕೆಲಸ, ಸಿಮೆಂಟಿನ ಕಲ್ಲಿಗೆ ನೀರು ಹೊಡೆಯುವುದು. ಫುಟ್‌ಪಾತಿಗೆ ಹಾಸುವ ಕಲ್ಲುಗಳನ್ನು ಅಚ್ಚು ಹಾಕುವ ಯಾರ್ಡು ಅದು. ಇವತ್ತು ಅಚ್ಚಿನಿಂದ ಇಳಿದ ಕಲ್ಲು ನಾಳೆಯಿಂದ ನೀರಣ್ಣನ ಪಾಲು. ದಿನಕ್ಕೆ ಮೂರು ಸಲ, ಹದಿನಾಲ್ಕು ದಿನ, ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು ಸಾಲಿನಿಂದ ಸಾಲಿಗೆ ಹೋಗುತ್ತಲೇ ಇರಬೇಕು.

ಇದೇನು ಮಹಾ ಕೆಲಸ ಅಂತ ಮೂಗು ಮುರಿಯುವವರು ಒಂದು ವಾರ ಮಾಡಿ ನೋಡಲಿ. ಜೋರಾಗಿ ಹೊಡೆದರೆ ಎಳೆ ಕಲ್ಲಿನ ಅಂಚು ಕಿತ್ತು ಬರುತ್ತದೆ. ಸುಮ್ಮನೆ ಚಿಮುಕಿಸಿದರೆ ಮೇಲೆ ಒದ್ದೆ, ಒಳಗೆ ಒಣ. ಅಂಥ ಕಲ್ಲು ಆರು ತಿಂಗಳಿಗೆ ಪುಡಿಯಾಗುತ್ತದೆ, ಬೈಗುಳ ಮೇಸ್ತ್ರಿಗೆ ಬೀಳುತ್ತದೆ. ನೀರಣ್ಣ ಕಲ್ಲಿನ ಮೇಲೆ ಅಂಗೈ ಇಟ್ಟು ಅದಕ್ಕೆ ಎಷ್ಟು ಬಾಯಾರಿದೆ ಅಂತ ಹೇಳುತ್ತಿದ್ದ. ಬೆರಳ ಗೆಣ್ಣಿನಿಂದ ತಟ್ಟಿ, ಬಂದ ಸದ್ದಿನ ಮೇಲೆ ಅದು ಎಷ್ಟು ದಿನದ್ದು ಅಂತ ಹೇಳುತ್ತಿದ್ದ. ಈ ವಿದ್ಯೆ ಅವನಿಗೆ ಪುಕ್ಕಟೆ ಬಂದದ್ದಲ್ಲ. ಹದಿನೇಳನೆ ವಯಸ್ಸಿನಲ್ಲಿ ಒಂದು ನೀರಿನ ಟ್ಯಾಂಕಿನ ತಾರಸಿಗೆ ನೀರು ಹೊಡೆಯುವ ಕೆಲಸ ಕೊಟ್ಟಿದ್ದರು. ಮಧ್ಯಾಹ್ನ ನೆರಳು ಕಂಡಲ್ಲಿ ಕಣ್ಣು ಮುಚ್ಚಿದ. ಎದ್ದು ನೋಡಿದರೆ ತಾರಸಿ ಒಲೆಯ ಮೇಲಿನ ಹೆಂಚಿನಂತೆ ಕಾದಿತ್ತು, ಮೈತುಂಬ ಕೂದಲೆಳೆಯಂಥ ಬಿರುಕು. ಮೇಸ್ತ್ರಿ ಕೊಟ್ಟ ಏಟಿಗೆ ಎಡಗಿವಿಯಲ್ಲಿ ಇವತ್ತಿಗೂ ಒಂದು ಜೀರುಂಡೆ ಕೂತಿದೆ. ಅವತ್ತಿನಿಂದ ಬಿಸಿ ಕಲ್ಲು ಕಂಡರೆ ಅವನ ಕೈ ತಾನಾಗಿ ಪೈಪಿನ ಕಡೆ ಹೋಗುತ್ತಿತ್ತು.

ಮನೆ ಇದ್ದದ್ದು ಬೂದಿ ಗುಡ್ಡದ ಬುಡದಲ್ಲಿ. ವಿದ್ಯುತ್ ಸ್ಥಾವರದವರು ಕಲ್ಲಿದ್ದಲು ಸುಟ್ಟ ಬೂದಿಯನ್ನು ನಲವತ್ತು ವರ್ಷದಿಂದ ಅಲ್ಲೇ ಸುರಿದೂ ಸುರಿದೂ ಅದು ಗುಡ್ಡವಾಗಿತ್ತು. ಗಾಳಿ ಬೀಸಿದ ದಿನ ಒಣಹಾಕಿದ ಬಿಳಿ ಅಂಗಿ ಬೂದು ಬಣ್ಣ. ಹೆಂಡತಿ ಊಟಕ್ಕೆ ಮೊದಲು ತಟ್ಟೆ ಒರೆಸುತ್ತಿದ್ದಳು, ಬಡಿಸುವಾಗ ಮತ್ತೆ ಒರೆಸುತ್ತಿದ್ದಳು. ಬೀದಿಯ ತುಂಬ ಕೆಮ್ಮು. ಆ ಬೀದಿಯಲ್ಲಿ ಯಾರಾದರೂ ಕೆಮ್ಮದೆ ಮಾತು ಮುಗಿಸಿದರೆ ನೆಂಟರು ಅಂತ ಗೊತ್ತಾಗುತ್ತಿತ್ತು.

ಮಗಳನ್ನು ಕೊಟ್ಟದ್ದು ಉಕ್ಕಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಹುಡುಗನಿಗೆ. ಕುಲುಮೆಯಿಂದ ಕಬ್ಬಿಣದ ಕಸವಾಗಿ ಹರಿದು ಬರುವ ಕಿಟ್ಟವನ್ನು ಸಾಗಹಾಕುವ ಕಡೆ ಅವನ ಡ್ಯೂಟಿ. ಡಿಪ್ಲೊಮಾ ಓದಿದವನು, ತಲೆಯಲ್ಲಿ ಹುಳ ಹೊಕ್ಕರೆ ಬಿಡದವನು. ಅವನಿಗೆ ಹೊಕ್ಕ ಹುಳ ಇದು: ಈ ಕಿಟ್ಟವನ್ನು ಪುಡಿ ಮಾಡಿ, ಅದಕ್ಕೆ ಆ ಗುಡ್ಡದ ಬೂದಿ ಸೇರಿಸಿ, ಕಾಸ್ಟಿಕ್ ಸೋಡ ಹಾಕಿದ ಒಂದು ರಸದಲ್ಲಿ ಕಲಸಿದರೆ ಒಂದು ಚಮಚ ಸಿಮೆಂಟು ಇಲ್ಲದೆ ಕಲ್ಲಾಗುತ್ತದೆ. ಎರಡು ಕಡೆಯ ಕಸದಿಂದ ಒಂದು ಫುಟ್‌ಪಾತು. ಕಾರ್ಖಾನೆಯ ಕೆಲಸ ಬಿಟ್ಟು ಬಂದು ಮಾವನ ಯಾರ್ಡಿನ ಯಜಮಾನರ ಬೆನ್ನು ಬಿದ್ದ. ಯಜಮಾನರು ಮೂಲೆಯ ಒಂದು ಶೆಡ್ಡು, ಒಂದು ಹಳೇ ಅಚ್ಚಿನ ಮಷೀನು, ನಾಲ್ಕು ತಿಂಗಳ ಗಡುವು ಕೊಟ್ಟರು.

ಆ ರಸಕ್ಕೆ ಯಾರ್ಡಿನವರು ಖಾರದ ನೀರು ಅಂತ ಹೆಸರಿಟ್ಟರು. ಚರ್ಮಕ್ಕೆ ತಗುಲಿದರೆ ಸುಡುತ್ತಿತ್ತು. ಮಗಳು ಹಳೆಯ ರೆಗ್ಸಿನ್ ತಂದು ಗಂಡನಿಗೆ ಮೊಣಕೈ ಮುಟ್ಟುವ ತೋಳು ಹೊಲಿದು ಕೊಟ್ಟಳು. ಶೆಡ್ಡಿನ ಬಾಗಿಲಲ್ಲಿ ನಿಂತು ನೀರಣ್ಣ ಅಳಿಯನ ಕೆಲಸ ನೋಡುತ್ತಿದ್ದ.

"ಅಲ್ಲ ಅಳಿಯಂದ್ರೇ, ಇದಕ್ಕೆ ನೀರು ಯಾವತ್ತಿಂದ ಹೊಡೀಬೇಕು?"

"ಬೇಡ ಮಾವ. ಇದಕ್ಕೆ ನೀರು ಬೇಡ."

"ನಾಳೆ ಬೇಡ, ನಾಡಿದ್ದಿಂದ."

"ನಾಡಿದ್ದೂ ಬೇಡ. ಒಂದು ವಾರ ಟಾರ್ಪಾಲು ಮುಚ್ಚಿಡೋದು ಅಷ್ಟೆ. ಒಳಗಿರೋ ಖಾರನೇ ಇದನ್ನ ಗಟ್ಟಿ ಮಾಡೋದು. ಮೊದಲ ದಿನಗಳಲ್ಲಿ ನೀರು ಹಾಕಿದ್ರೆ ಖಾರ ತೊಳೆದು ಹೋಗುತ್ತೆ."

"ಅಂದ್ರೆ ಇದು ನೀರು ಕುಡಿಯದ ಮಗು."

ಮಿಕ್ಸರಿನ ಹತ್ತಿರ ನಿಂತಿದ್ದ ಅಚ್ಚಿನವನು ಬಾಯಿ ಹಾಕಿದ: "ನೀರಣ್ಣ, ಹಂಗಾದ್ರೆ ನಿನಗೆ ಇನ್ಮೇಲೆ ಏನು ಕೆಲಸ? ಟಾರ್ಪಾಲು ಕಾಯ್ತೀಯಾ? ಟಾರ್ಪಾಲಣ್ಣ ಅಂತ ಕರೀಲಾ?"

ಎಲ್ಲರೂ ನಕ್ಕರು. ನೀರಣ್ಣನೂ ನಕ್ಕ. ಆದರೆ ಆ ಮಾತು ಎಲ್ಲೋ ಕಲ್ಲಿನ ಚೂರಿನಂತೆ ಚಪ್ಪಲಿಯೊಳಗೆ ಸೇರಿಕೊಂಡಿತು.

ಮೊದಲ ತಿಂಗಳ ಕಲ್ಲುಗಳು ಹಾಳು. ಕೆಲವು ಅಚ್ಚಿನಲ್ಲೇ ಅಂಟಿಕೊಂಡವು, ಕೆಲವು ಬಿಸ್ಕತ್ತಿನಂತೆ ಮುರಿದವು. ಮೂರನೆಯ ತಿಂಗಳಿಗೆ ಹದ ಸಿಕ್ಕಿತು. ಒತ್ತಿ ಒಡೆಯುವ ಯಂತ್ರದಲ್ಲಿ ಇಟ್ಟಾಗ ಮುಳ್ಳು ಮೂವತ್ತೆಂಟು ದಾಟಿ ಆಮೇಲೆ ಕಲ್ಲು ಒಡೆಯಿತು. ಸಿಮೆಂಟಿನ ಕಲ್ಲು ಮೂವತ್ತು ತಡೆದರೆ ಪಾಸು. ಅಳಿಯ ಆ ಒಡೆದ ಚೂರನ್ನು ಮನೆಗೆ ತಂದು ಅತ್ತೆಯ ಕೈಯಲ್ಲಿಟ್ಟ. "ಅತ್ತೆ, ನಿಮ್ಮ ತಟ್ಟೆ ಮೇಲೆ ಬೀಳೋ ಬೂದಿ ಇದು." ಅವಳು ಅದನ್ನು ಉಗುರಿನಿಂದ ಕೆರೆದು ನೋಡಿದಳು. ಪುಡಿ ಬರಲಿಲ್ಲ. "ಗುಡ್ಡ ಖಾಲಿ ಆಗೋಕೆ ಎಷ್ಟು ಕಲ್ಲು ಬೇಕಪ್ಪಾ?" ಅಂತ ಕೇಳಿದಳು. ಅಳಿಯ ಲೆಕ್ಕ ಹಾಕಲು ಹೋಗಿ ನಕ್ಕುಬಿಟ್ಟ. ಆ ಮನೆಯಲ್ಲಿ ಗುಡ್ಡ ಖಾಲಿಯಾಗುವ ಮಾತು ಯಾರಾದರೂ ಆಡಿದ್ದು ಅದೇ ಮೊದಲು.

ನಗರಸಭೆಯವರು ಆಸ್ಪತ್ರೆಯಿಂದ ಬಸ್ ನಿಲ್ದಾಣದವರೆಗೆ ಹೊಸ ಫುಟ್‌ಪಾತು ಹಾಕಿಸುವವರಿದ್ದರು. ಇಂಜಿನಿಯರ್ ಮೇಡಂ ಒಬ್ಬರು ಶೆಡ್ಡಿಗೆ ಬಂದು, ಕಲ್ಲು ತಿರುಗಿಸಿ ಮುರುಗಿಸಿ ನೋಡಿ, "ತೊಂಬತ್ತು ಕಲ್ಲು ಹೊಸದಾಗಿ ಅಚ್ಚು ಹಾಕಿ. ಇಪ್ಪತ್ತೆಂಟು ದಿನ ಬಿಟ್ಟು ಬಂದು ನನಗೆ ಬೇಕಾದ್ದನ್ನು ಆರಿಸಿ ಒಡೆಸುತ್ತೇನೆ, ಪಾಸಾದರೆ ಇಡೀ ರಸ್ತೆ ನಿಮ್ಮದು," ಅಂದರು. ಯಜಮಾನರು ಅಳಿಯನನ್ನು ಪಕ್ಕಕ್ಕೆ ಕರೆದು ಹೇಳಿದರು: "ಪಾಸಾದ್ರೆ ಯಾರ್ಡು ಪೂರಾ ನಿನ್ನ ಕಲ್ಲಿಗೇ ಬಿಡ್ತೀನಿ. ಇಲ್ಲಾಂದ್ರೆ ಶೆಡ್ಡು ಖಾಲಿ ಮಾಡು. ಇದರ ಮೇಲೆ ಇನ್ನೊಂದು ಮಾತಿಲ್ಲ."

ಅಚ್ಚು ಹಾಕಿ ಮುಗಿಸಿದ ಮಧ್ಯಾಹ್ನವೇ ಅಳಿಯ ಹೊರಡಬೇಕಾಯಿತು. ಕಿಟ್ಟ ಕೊಡುತ್ತಿದ್ದ ಕಾರ್ಖಾನೆಯಿಂದ ಸುದ್ದಿ ಬಂದಿತ್ತು: ಎಲ್ಲವನ್ನೂ ಒಂದು ಸಿಮೆಂಟು ಕಂಪನಿ ಐದು ವರ್ಷಕ್ಕೆ ಕೊಂಡುಕೊಂಡಿದೆ, ಇನ್ನು ಮೇಲೆ ನಿಮಗೆ ಒಂದು ಬುಟ್ಟಿಯೂ ಇಲ್ಲ. ಇಷ್ಟು ವರ್ಷ ತೆಗೆದುಕೊಂಡು ಹೋಗಿ ಪುಣ್ಯ ಕಟ್ಟಿಕೊಳ್ಳಿ ಅಂತ ಗೋಗರೆಯುತ್ತಿದ್ದವರು! ಕಸಕ್ಕೆ ಉಪಯೋಗವಿದೆ ಅಂತ ಗೊತ್ತಾದ ಗಳಿಗೆಗೆ ಅದಕ್ಕೂ ಗೇಟು ಬಿತ್ತು, ಗೇಟಿಗೆ ಕಾವಲುಗಾರ ಬಂದ. ಅಳಿಯ ಆ ಆಫೀಸಿನ ಮುಂದೆ ಹೋಗಿ ಕೂರಲೇಬೇಕಿತ್ತು.

"ಮಾವ, ಐದು ದಿನ. ಟಾರ್ಪಾಲಿನ ಮೇಲೆ ಸುತ್ತ ಕಲ್ಲು ಹೇರಿದ್ದೀನಿ. ತೆಗೀಬೇಡಿ. ನೀರು ಮುಟ್ಟಿಸ್ಬೇಡಿ. ಅಚ್ಚಿನವನನ್ನ ನಂಬಲ್ಲ, ನಿಮ್ಮನ್ನ ನಂಬಿ ಹೋಗ್ತಿದೀನಿ."

"ಹೋಗಿ ಬನ್ನಿ. ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತೀನಿ."

ಹಾಗೇ ಕಾಯುವ ಮನಸ್ಸು ಅವನಿಗೆ ಇತ್ತು. ಅದರಲ್ಲಿ ಸುಳ್ಳಿಲ್ಲ.

ಮಾರನೆಯ ಬೆಳಿಗ್ಗೆ ಯಾರ್ಡಿಗೆ ಬಂದಾಗ ಟಾರ್ಪಾಲಿನ ಒಂದು ಮಗ್ಗುಲು ಗಾಳಿಗೆ ಎದ್ದು ಪಟಪಟ ಬಡಿದುಕೊಳ್ಳುತ್ತಿತ್ತು. ಓಡಿಹೋಗಿ ಹಿಡಿದು ಕೆಳಗೆಳೆಯುವಾಗ ಅಂಚಿನ ಸಾಲು ಕಣ್ಣಿಗೆ ಬಿತ್ತು. ಕಲ್ಲುಗಳ ಮೇಲೆ ಕೂದಲೆಳೆಯಂಥ ಗೆರೆಗಳು. ಕೈಯಿಟ್ಟು ನೋಡಿದ. ಬಿಸಿ. ಇನ್ನೂ ಬಿಸಿಲು ಏರಿರಲಿಲ್ಲ, ಕಲ್ಲು ಜ್ವರ ಬಂದವರ ಹಣೆಯಂತೆ ಒಳಗಿಂದ ಸುಡುತ್ತಿತ್ತು. ಮುಚ್ಚಿದ್ದ ಸಾಲಿಗೆ ಕೈ ತೂರಿಸಿದ. ಅದೂ ಬಿಸಿ. ಖಾರ ತನ್ನ ಕೆಲಸ ಮಾಡುವಾಗ ಕಲ್ಲು ಬಿಸಿಯಾಗುತ್ತದೆ ಅಂತ ಅಳಿಯ ಹೇಳಿರಲಿಲ್ಲ. ಹೇಳಬೇಕು ಅಂತ ಅವನಿಗೆ ತೋಚಿರಲಿಕ್ಕೂ ಇಲ್ಲ.

ಜೇಬಿನಿಂದ ಫೋನ್ ತೆಗೆದ. ಕೇಳಿದರೆ ಏನು ಉತ್ತರ ಬರುತ್ತದೆ ಅಂತ ಗೊತ್ತಿತ್ತು. ಗೊತ್ತಿದ್ದದ್ದನ್ನು ಕೇಳುವುದು ಯಾಕೆ ಅಂತ ಮತ್ತೆ ಜೇಬಿಗೆ ಹಾಕಿಕೊಂಡ. ಓದಿದ ಹುಡುಗ, ಪುಸ್ತಕ ಹೇಳಿದ್ದನ್ನು ಹೇಳುತ್ತಾನೆ. ಈ ಕಲ್ಲು ಏನು ಕೇಳುತ್ತಿದೆ ಅಂತ ಅಂಗೈಗೆ ಗೊತ್ತಿಲ್ಲವೇ? ಮೂವತ್ತೊಂದು ವರ್ಷ ಸುಳ್ಳಾಗುತ್ತದೆಯೇ? ಒಂದು ಚೂರು ತಂಪು ಮಾಡಿದರೆ ಯಾರ ಗಂಟು ಹೋಗುತ್ತದೆ? ಹೆಸರು ಅಳಿಯನಿಗೇ ಬರಲಿ; ಕಲ್ಲನ್ನು ಉಳಿಸಿದ್ದು ತಾನು ಅಂತ ತನಗೊಬ್ಬನಿಗೆ ಗೊತ್ತಿದ್ದರೆ ಸಾಕು.

ಮೊದಲು ಚೊಂಬಿನಲ್ಲಿ ಅಂಚಿನ ಸಾಲಿಗೆ ಚಿಮುಕಿಸಿದ. ಕಲ್ಲು ಗಟಗಟ ಕುಡಿಯಿತು. ಅದು ಕುಡಿಯುವ ರೀತಿ ನೋಡಿ ಅವನ ಹೊಟ್ಟೆಯೇ ತಣ್ಣಗಾಯಿತು. ಒಂದು ಸಾಲಿಗೆ ಕೊಟ್ಟು ಇನ್ನೊಂದು ಸಾಲನ್ನು ಒಣಗಿಸುವುದು ಯಾವ ನ್ಯಾಯ? ಟಾರ್ಪಾಲು ಪೂರ್ತಿ ಮಡಿಸಿ ಪೈಪು ಎಳೆದುಕೊಂಡು ಬಂದ. ತೊಂಬತ್ತೂ ಕಲ್ಲಿಗೆ, ಎಳೆ ಕಲ್ಲಿಗೆ ಹೊಡೆಯುವ ನಯದಲ್ಲಿ, ಹೆಬ್ಬೆರಳು ಅಗಲಿಸಿ, ಮಂಜಿನ ಹಾಗೆ ಬೀಳುವಂತೆ ನೀರು ಹೊಡೆದ. ಆಮೇಲೆ ಮೊದಲಿನಂತೆ ಟಾರ್ಪಾಲು ಮುಚ್ಚಿ, ಕಲ್ಲು ಹೇರಿದ. ಐದೂ ದಿನ ಅದೇ ಮಾಡಿದ, ಬೇರೆಯವರು ಬರುವ ಮೊದಲೇ ಬಂದು. ಜೀವಮಾನದಲ್ಲಿ ಅಷ್ಟು ಜೋಪಾನವಾಗಿ ಯಾವ ಕಲ್ಲಿಗೂ ಅವನು ನೀರು ಹೊಡೆದಿರಲಿಲ್ಲ.

ಅಳಿಯ ಕಂದಿದ ಮುಖದಲ್ಲಿ, ಆದರೆ ಒಂದು ಮಾತು ಗಿಟ್ಟಿಸಿಕೊಂಡು ಬಂದ. ನಗರಸಭೆಯ ಆರ್ಡರು ಕಾಗದದಲ್ಲಿ ತಂದು ತೋರಿಸಿದರೆ ತಿಂಗಳಿಗೆ ಹತ್ತು ಲಾರಿ ಕಿಟ್ಟ ತೆಗೆದಿಡುತ್ತಾರಂತೆ. ಟಾರ್ಪಾಲು ತೆಗೆದು ನೋಡಿದ. ಕಲ್ಲಿನ ಮೇಲೆ ಬಿಳಿ ಉಪ್ಪು ಹೂಬಿಟ್ಟಂತೆ ಹರಡಿತ್ತು.

"ಇದೇನು ಮಾವ, ಇಷ್ಟೊಂದು ಬಿಳಿ?"

"ಒಂದಿನ ಗಾಳಿಗೆ ಟಾರ್ಪಾಲು ಎದ್ದಿತ್ತು. ತಕ್ಷಣ ಮುಚ್ಚಿದೆ."

"ಅಷ್ಟೇನಾ?"

"ಅಷ್ಟೆ."

ಆ ಒಂದು ಪದ ಬಾಯಿಂದ ಬಿದ್ದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಇಪ್ಪತ್ತೆರಡು ದಿನ ಸಮಯವಿತ್ತು. ದಿನಾ ಬೆಳಿಗ್ಗೆ ಹೇಳಬೇಕು ಅಂದುಕೊಂಡೇ ಎದ್ದ. ಅಳಿಯ ಗೋಣಿಚೀಲದ ಚೂರಿನಿಂದ ಉಪ್ಪು ಉಜ್ಜುತ್ತಿದ್ದರೆ ತಾನೂ ಪಕ್ಕದಲ್ಲಿ ಕೂತು ಉಜ್ಜಿದ. ಒಂದು ಕಲ್ಲನ್ನು ಗೆಣ್ಣಿನಿಂದ ತಟ್ಟಿ ನೋಡಿದ. ಠಣ್ ಅನ್ನಬೇಕಾದದ್ದು ದಬ್ ಅಂದಿತು. ಹೊಸ ಜಾತಿಯ ಕಲ್ಲು, ಇದರ ಸದ್ದೇ ಹೀಗಿರಬಹುದು ಅಂತ ತನಗೆ ತಾನೇ ಹೇಳಿಕೊಂಡ. ಮತ್ತೆ ತಟ್ಟುವ ಧೈರ್ಯ ಬರಲಿಲ್ಲ.

ಇಪ್ಪತ್ತೆಂಟನೆಯ ದಿನ ಇಂಜಿನಿಯರ್ ಮೇಡಂ ಬಂದರು. ಸೀಮೆಸುಣ್ಣದಲ್ಲಿ ಎಂಟು ಕಲ್ಲಿಗೆ ಗುರುತು ಹಾಕಿದರು. ಯಂತ್ರದ ಕೋಣೆಯಲ್ಲಿ ಯಜಮಾನರು, ಅಳಿಯ, ಅಚ್ಚಿನವನು, ಬಾಗಿಲಿಗೆ ಒರಗಿಕೊಂಡು ನೀರಣ್ಣ. ಮೊದಲ ಕಲ್ಲು ಹದಿನೇಳಕ್ಕೆ ಬಾಯಿ ಬಿಟ್ಟಿತು. ಎರಡನೆಯದು ಹತ್ತೊಂಬತ್ತು. ಮೂರನೆಯದು ಹದಿನಾರು. ಠಣ್ ಅಂತ ಸಿಡಿಯಲೂ ಇಲ್ಲ, ಮೆತ್ತಗೆ ಕುಸಿದವು. ಎಂಟರಲ್ಲಿ ಒಂದೂ ಇಪ್ಪತ್ತು ಮುಟ್ಟಲಿಲ್ಲ.

ಅಳಿಯ ಚೂರುಗಳನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತಿದ್ದ. ಕಿಟ್ಟದ ಪುಡಿ ದಪ್ಪವಾಗಿತ್ತೇ, ಬೂದಿ ಒದ್ದೆಯಿತ್ತೇ, ಖಾರದ ನೀರು ಹಳೆಯದೇ ಅಂತ ತನ್ನೊಳಗೇ ಗೊಣಗಿಕೊಂಡ. ಮೇಡಂ ಕೆಟ್ಟವರಲ್ಲ. ಆ ಮುಖ ನೋಡಿ ಅವರಿಗೂ ಪಾಪ ಅನ್ನಿಸಿರಬೇಕು.

"ನೋಡಿ, ಒಂದು ಬ್ಯಾಚು ಕೆಟ್ಟಿದೆ ಅಂದ್ರೆ ಇನ್ನೊಂದ್ಸಲ ಅವಕಾಶ ಕೊಡೋಕೆ ನನಗೆ ಅಧಿಕಾರ ಇದೆ. ಕಾರಣ ಬರೆದು ಕೊಡಿ. ಇನ್ನೂ ತೊಂಬತ್ತು ಕಲ್ಲು ಮಾಡಿ."

"ತಪ್ಪು ನಂದೇ ಮೇಡಂ. ನನ್ನ ಹದದಲ್ಲೇ ಏನೋ ತಪ್ಪಾಗಿದೆ," ಅಂದ ಅಳಿಯ. ಬರೆಯಲು ಪೆನ್ನು ತೆಗೆದ. ಪೆನ್ನು ಹಿಡಿದ ಕೈಯ ಮೇಲೆ ಖಾರದ ನೀರು ಸುಟ್ಟ ಕಲೆಗಳು, ಕೆಲವು ಇನ್ನೂ ಹಸಿ.

ನೀರಣ್ಣನಿಗೆ ತಡೆಯಲಾಗಲಿಲ್ಲ. "ಅವರದ್ದಲ್ಲ ಮೇಡಂ! ನಾನು ನೀರು ಹೊಡೆದೆ. ಐದು ದಿನ ಹೊಡೆದೆ. ಬೇಡ ಅಂದಿದ್ರು, ಆದ್ರೂ ಹೊಡೆದೆ. ಹುಡುಗನ ಹದ ಸರಿಯಾಗಿದೆ, ನಾನೇ ಹಾಳು ಮಾಡಿದ್ದು."

ಅಳಿಯ ಕಣ್ಣೆತ್ತಿ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ನಿಲ್ಲಿಸಿ ಮಾವ, ದಯವಿಟ್ಟು ನಿಲ್ಲಿಸಿ ಅಂತಿತ್ತು. ನೀರಣ್ಣನಿಗೆ ಅದು ತಿಳಿಯಲಿಲ್ಲ. ಇನ್ನೂ ಒತ್ತಿ ಹೇಳಿದ: "ಬರೀ ನೀರು ಮೇಡಂ, ಬೇರೇನೂ ಹಾಕಿಲ್ಲ."

ಮೇಡಂ ತಮ್ಮ ಪೆನ್ನಿನ ಕ್ಯಾಪು ಮುಚ್ಚಿದರು. "ಬರೀ ನೀರು ಹಾಕಿದ್ದಕ್ಕೆ ಹೀಗಾಯ್ತಾ?"

"ಮೊದಲ ವಾರ ಮಾತ್ರ ಮೇಡಂ," ಅಳಿಯ ತಡಬಡಾಯಿಸಿದ. "ಒಮ್ಮೆ ಗಟ್ಟಿಯಾದ್ರೆ ವರ್ಷಗಟ್ಟಲೆ ನೀರಲ್ಲಿ ಮುಳುಗಿಸಿಟ್ರೂ ಏನೂ ಆಗಲ್ಲ. ಹಳೇ ಕಲ್ಲು ಬಕೆಟ್‌ನಲ್ಲಿದೆ, ತೋರಿಸ್ತೀನಿ."

"ನೀವು ಹೇಳೋದು ನಿಜ ಇರಬಹುದು. ಆದ್ರೆ ಇಷ್ಟು ವರ್ಷ ಅನುಭವ ಇರೋ ನಿಮ್ಮವರೇ ಬೇಡ ಅಂದ್ರೂ ನೀರು ಹಾಕ್ತಾರೆ. ನಾಳೆ ದಿನಕ್ಕೆ ಸಾವಿರಾರು ಕಲ್ಲು ಅಚ್ಚು ಹಾಕುವಾಗ ಯಾರು ಕಾಯ್ತಾರೆ? ಮಳೆಯ ಎರಚಲು ಶೆಡ್ಡಿಗೆ ಹೊಡೆದ್ರೆ? ನೀರು ಸೋಕಿ ಅರ್ಧ ಬಲ ಹೋಗುತ್ತೆ ಅಂತ ನನ್ನೆದುರೇ ಹೇಳಿದ ಮೇಲೆ ನಾನದನ್ನ ಬರೀಲೇಬೇಕು. ಬರೆದ ಮೇಲೆ ಫುಟ್‌ಪಾತಿಗೆ ಹೇಗೆ ಕೊಡಲಿ, ನೀವೇ ಹೇಳಿ."

ಯಜಮಾನರು ಹೊರಗೆ ಹೋಗಿ ಸಿಮೆಂಟು ಏಜೆಂಟಿಗೆ ಫೋನ್ ಮಾಡಿದರು. ಅವರ ದನಿ ಕಿಟಕಿಯಿಂದ ಕೇಳಿಸುತ್ತಿತ್ತು.

ಅವತ್ತು ಸಂಜೆ ಅಳಿಯ ಶೆಡ್ಡು ಗುಡಿಸಿ ಬೀಗ ಕೊಟ್ಟು ಬಂದ. ಮಗಳಿಗೆ ತಡೆಯಲಾಗಲಿಲ್ಲ. "ಅಪ್ಪಾ, ನಿಮ್ಮ ಕೈಗೆ ಐದು ದಿನ ಸುಮ್ನಿರೋಕೆ ಆಗ್ಲಿಲ್ವಾ? ಹೋಗ್ಲಿ, ನೀರು ಹಾಕಿದ್ರಿ. ಬಾಯಿಗಾದ್ರೂ ಒಂದು ಗಂಟೆ ಸುಮ್ನಿರೋಕೆ ಆಗ್ಲಿಲ್ವಾ?"

"ನಿನ್ನ ಗಂಡನ ಮೇಲೆ ತಪ್ಪು ಬರ್ತಿತ್ತಲ್ಲಮ್ಮಾ..."

"ಬರ್ಲಿ ಬಿಡಿ ಅಂತಿದ್ದೆ. ತಪ್ಪು ಬಂದಿದ್ರೆ ಇನ್ನೊಂದ್ಸಲ ಅವಕಾಶ ಬರ್ತಿತ್ತು!"

ಹೆಂಡತಿ ನಡುವೆ ಬಂದು, "ಸಾಕು, ಮೊದಲು ಉಣ್ಣಿ," ಅಂದಳು. ಅಳಿಯ ತಟ್ಟೆಯ ಮುಂದೆ ಕೂತ. ಒಂದೇ ಮಾತು ಆಡಿದ. "ಬಿಸಿಯಾಗುತ್ತೆ ಅಂತ ನಾನು ಹೇಳ್ಬೇಕಿತ್ತು ಮಾವ." ಬೈದಿದ್ದರೆ ನೀರಣ್ಣ ತಿರುಗಿ ಬೈಯಬಹುದಿತ್ತು, ಕೂಗಾಡಬಹುದಿತ್ತು, ಮಾರನೆ ದಿನಕ್ಕೆ ಎದೆ ಹಗುರಾಗುತ್ತಿತ್ತು. ಆ ದಾರಿಯನ್ನೂ ಹುಡುಗ ಮುಚ್ಚಿಬಿಟ್ಟ.

ತಿಂಗಳೊಳಗೆ ಅಳಿಯನಿಗೆ ಆ ಸಿಮೆಂಟು ಕಂಪನಿಯಲ್ಲೇ ಕೆಲಸವಾಯಿತು. ಬೇರೆ ಊರು. ಕಿಟ್ಟ ಹೊತ್ತು ಬರುವ ಲಾರಿಗಳ ತೂಕ ನೋಡಿ ಚೀಟಿ ಹರಿದು ಕೊಡುವುದು. ಮಗಳು ಗಂಡನ ರೆಗ್ಸಿನ್ ತೋಳುಗಳನ್ನು ಅಮ್ಮನಿಗೆ ಕೊಟ್ಟು, ಕಿಟಕಿ ಸಂದಿಗೆ ತುರುಕಮ್ಮ, ಬೂದಿಯಾದ್ರೂ ನಿಲ್ಲಲಿ ಅಂದಳು. ಬಸ್ಸಿನ ಹತ್ತಿರ ಅಳಿಯ ಮಾವನ ಕಾಲು ಮುಟ್ಟಿದ. ಆರೋಗ್ಯ ನೋಡ್ಕೊಳ್ಳಿ ಅಂದ. ಕಲ್ಲಿನ ಮಾತು ಬರಲಿಲ್ಲ. ಮುಂದೆ ಫೋನಿನಲ್ಲೂ ಯಾವತ್ತೂ ಬರಲಿಲ್ಲ. ಹೊಸ ಆಫೀಸಿನಲ್ಲಿ ಮತ್ತೆ ಕಲಸಿ ನೋಡುತ್ತೀಯಾ ಅಂತ ಒಮ್ಮೆ ಅತ್ತೆ ಕೇಳಿದ್ದಕ್ಕೆ, "ಅದೆಲ್ಲ ಬಿಟ್ಟೆ ಅತ್ತೆ," ಅಂದನಂತೆ, ಸಿಗರೇಟು ಬಿಟ್ಟವರು ಹೇಳುವ ಹಾಗೆ.

ಆಸ್ಪತ್ರೆಯ ಫುಟ್‌ಪಾತಿಗೆ ಸಿಮೆಂಟಿನ ಕಲ್ಲು ಬಿತ್ತು. ಯಜಮಾನರು ನೀರಣ್ಣನನ್ನು ಬಿಡಲಿಲ್ಲ. ಬಿಟ್ಟಿದ್ದರೆ ಒಳ್ಳೆಯದಿತ್ತು ಅಂತ ಅವನಿಗೆ ಎಷ್ಟೋ ಸಲ ಅನ್ನಿಸಿತು. ಆ ಸಾವಿರಾರು ಕಲ್ಲಿಗೂ ಅವನೇ ನೀರು ಹೊಡೆದ. ಒಂದೂ ಕೆಡಲಿಲ್ಲ. ಅಂಗೈ ಇಟ್ಟು ನೋಡುವುದನ್ನು ಮಾತ್ರ ಬಿಟ್ಟುಬಿಟ್ಟಿದ್ದ. ಗಡಿಯಾರ ನೋಡಿ ಹೊಡೆಯುತ್ತಿದ್ದ.

ಒಂದು ಬೆಳಿಗ್ಗೆ ಕ್ಷೌರದ ಅಂಗಡಿಯಲ್ಲಿ ಕೂತಿದ್ದ. ಕತ್ತರಿ ಆಡಿಸುತ್ತಾ ಕ್ಷೌರದವನು ಮಾತಿಗಿಳಿದ.

"ನೀರಣ್ಣ, ನಿಮ್ಮ ಯಾರ್ಡಲ್ಲಿ ಯಾವನೋ ಬೂದೀಲಿ ಕಲ್ಲು ಮಾಡೋಕೆ ಹೋಗಿದ್ನಂತೆ? ನೀರು ಬಿದ್ರೆ ಉಪ್ಪಿನ ಹರಳಿನ ಹಂಗೆ ಕರಗಿಹೋಗ್ತಿತ್ತಂತೆ! ಅದನ್ನ ಹಾಸಿದ್ರೆ ಮಳೆಗಾಲದಲ್ಲಿ ಜನ ಆಸ್ಪತ್ರೆಗೆ ಈಜ್ಕೊಂಡು ಹೋಗ್ಬೇಕಿತ್ತು." ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಇಬ್ಬರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಕರಗಲ್ಲ," ಅಂದ ನೀರಣ್ಣ. "ಮೊದಲ ವಾರ ನೀರು ಮುಟ್ಟಿಸಬಾರದು, ಅಷ್ಟೆ. ಆಮೇಲೆ ಸಿಮೆಂಟಿಗಿಂತ ಗಟ್ಟಿ. ಮೂವತ್ತೆಂಟು ತಡೆದದ್ದನ್ನ ನಾನೇ ನೋಡಿದ್ದೀನಿ."

"ಮತ್ತೆ ಯಾಕೆ ಒಡೀತು?"

"ನಾನು ನೀರು ಹೊಡೆದೆ."

ಕ್ಷೌರದವನು ಕತ್ತರಿ ನಿಲ್ಲಿಸಿ ಕನ್ನಡಿಯಲ್ಲಿ ಅವನ ಮುಖ ನೋಡಿದ. ಆಮೇಲೆ ನಗು ತಡೆಯಲಾರದೆ ಬೆಂಚಿನವರ ಕಡೆ ತಿರುಗಿದ. "ಕೇಳಿದ್ರಾ? ಇವರು ನೀರು ಹೊಡೆದಿದ್ದಕ್ಕೆ ಕಲ್ಲು ಒಡೀತಂತೆ! ಮೂವತ್ತು ವರ್ಷದಿಂದ ಇದೇ ಊರಿಗೆ ಕಲ್ಲು ಗಟ್ಟಿ ಮಾಡಿಕೊಟ್ಟೋರು ಇವರು. ಯಾರನ್ನೋ ಉಳಿಸೋಕೆ ಸುಳ್ಳು ಹೇಳಿದ್ರೂ ಚೆನ್ನಾಗಿ ಹೇಳ್ಬೇಕು ಅಣ್ಣ."

"ಸುಳ್ಳಲ್ಲ ಕಣೋ..."

"ಆಯ್ತು ಆಯ್ತು, ಸುಳ್ಳಲ್ಲ. ಅಲ್ಲಾಡ್ಬೇಡಿ, ಕಿವಿ ಹತ್ರ ಇದ್ದೀನಿ."